ಮೆರುಗಿಗಿಂತ ಮೊದಲು ಪ್ರಶ್ನೆ

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸಂಗ್ರಹದಲ್ಲಿ ನೊಣವಿರುವ ಒಂದು ಅಂಬರ್ (ಗಟ್ಟಿಯಾದ ಪುರಾತನ ಮರದ ರಾಳ) ತುಂಡು ಇದೆ. ಜರ್ಮನಿಯ ಹೆಸರಾಂತ ಕೀಟವಿಜ್ಞಾನಿ ವಿಲ್ಲಿ ಹೆನ್ನಿಗ್ 1966ರಲ್ಲಿ ಅದನ್ನು ಪರಿಶೀಲಿಸಿ, ಇಂದಿಗೂ ಕಕ್ಕಸುಗಳ ಬಳಿ ಹಾರಾಡುವ ಫ್ಯಾನಿಯಾ ಸ್ಕಲಾರಿಸ್ ಇದೇ ಎಂದು ಬರೆದರು. ಸುಮಾರು ನಾಲ್ಕು ಕೋಟಿ ವರ್ಷ ಹಳೆಯ ಬಾಲ್ಟಿಕ್ ಅಂಬರ್‌ನಲ್ಲಿ ಚೂರೂ ಬದಲಾಗದ ನೊಣ! 1993ರಲ್ಲಿ ಸಂಶೋಧಕ ಆಂಡ್ರ್ಯೂ ರಾಸ್ ಅದನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದಾಗ, ದೀಪದ ಕಾವಿಗೆ ನೊಣದ ಸುತ್ತ ಬಿರುಕು ಕಾಣಿಸಿಕೊಂಡಿತು. ಯಾರೋ ಅಂಬರನ್ನು ಎರಡು ಹೋಳು ಮಾಡಿ, ಗುಳಿ ತೋಡಿ, ಈಚಿನ ನೊಣವೊಂದನ್ನು ಕೂರಿಸಿ ಮತ್ತೆ ಅಂಟಿಸಿದ್ದರು. ನೊಣದ ಹೆಸರಿನಲ್ಲಿ ಹೆನ್ನಿಗ್ ತಪ್ಪಲಿಲ್ಲ. ಎಡವಿದ್ದು ಅಂಬರನ್ನು ನಂಬಿದ್ದರಲ್ಲಿ. ಅಂಬರ್‌ನೊಳಗಿನ ನೊಣವನ್ನು ಗುರುತಿಸುವುದೆಂದರೆ ನೊಣ, ಅಂಬರ್ ಎರಡನ್ನೂ ಒಟ್ಟಿಗೆ ಓದುವುದು.

ಅಂಬರ್‌ನೊಳಗಿನ ಕೀಟಗಳನ್ನು ಗುರುತಿಸುವ ಹವ್ಯಾಸಕ್ಕೆ ಇಳಿದವರು ಸಾಮಾನ್ಯವಾಗಿ ಮೊದಲು ಮೆರುಗು ಕೊಡುತ್ತಾರೆ, ಆಮೇಲೆ ಫೋಟೊ ತೆಗೆಯುತ್ತಾರೆ, ಹೆಸರನ್ನು ಕೊನೆಗೆ ಹುಡುಕುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ವಾದ. ಬಾಲ್ಟಿಕ್ ಅಂಬರ್‌ನಲ್ಲಿ ಹೇರಳವಾಗಿ ಸಿಗುವ ಅಣಬೆ ನುಸಿಗಳನ್ನೇ ನೋಡಿ. ಸಿಯಾರಿಡೆ, ಮೈಸೆಟೋಫಿಲಿಡೆ ಎಂಬ ಎರಡು ಕುಟುಂಬಗಳ ನುಸಿಗಳು ಮೇಲ್ನೋಟಕ್ಕೆ ಅಣ್ಣತಮ್ಮಂದಿರಂತೆ: ಅದೇ ಗೂನುಬೆನ್ನು, ಅದೇ ಮಣಿ ಪೋಣಿಸಿದಂಥ ಮೀಸೆ. ಆದರೆ ಸಿಯಾರಿಡೆಯಲ್ಲಿ ಎರಡೂ ಕಣ್ಣುಗಳಿಂದ ಸಣ್ಣ ಪಟ್ಟಿಗಳು ಹೊರಟು, ಮೀಸೆಯ ಬುಡದ ಮೇಲುಗಡೆ ಕೂಡಿ ಸೇತುವೆಯಾಗುತ್ತವೆ. ಮೈಸೆಟೋಫಿಲಿಡೆಯಲ್ಲಿ ಆ ಸೇತುವೆ ಇಲ್ಲ. ಅದು ಕಾಣಬೇಕಾದರೆ ನುಸಿಯ ಮುಖದೆದುರು ಕೆಲವೇ ಮಿಲಿಮೀಟರ್ ಅಗಲದ ಸಮತಟ್ಟು ಕಿಟಕಿ ಬೇಕು. ಬೆನ್ನಿನ ಕಡೆ ಕನ್ನಡಿಯಂತೆ ಹೊಳೆಯಿಸಿದರೂ ಈ ಪ್ರಶ್ನೆಗೆ ಉತ್ತರ ಸಿಗದು. ಎಲ್ಲಿ ಉಜ್ಜಬೇಕು, ಎಷ್ಟು ಉಜ್ಜಬೇಕು ಎಂಬುದನ್ನು ಹೆಸರಿನ ಹುಡುಕಾಟವೇ ತೀರ್ಮಾನಿಸಬೇಕು.

ಏಕೆಂದರೆ ಉಜ್ಜಿದ್ದು ಮರಳಿ ಬರುವುದಿಲ್ಲ. ಅಂಬರ್ ಗಡಸುತನ ಮೋಸ್ ಮಾಪಕದಲ್ಲಿ 2ರಿಂದ 2.5, ಹೆಚ್ಚುಕಡಿಮೆ ನಮ್ಮ ಉಗುರಿನಷ್ಟೇ. ನೀರಿನಲ್ಲಿ ನೆನೆಸಿದ 800ರ ಮರಳುಕಾಗದದಿಂದ ಶುರುಮಾಡಿ 1200, 2000 ಎಂದು ನಯವಾದ ಕಾಗದಕ್ಕೆ ಹೋಗಿ, ಕೊನೆಗೆ ಮೆತ್ತನೆಯ ಚರ್ಮದ ಮೇಲೆ ತಿಕ್ಕಿದರೆ ಸಾಕು. ಪ್ರತಿ ಹತ್ತಿಪ್ಪತ್ತು ಎಳೆತಕ್ಕೊಮ್ಮೆ ತೊಳೆದು ಮಸೂರದಡಿ ನೋಡಬೇಕು. ಒಣಗಿಸಿ ಜೋರಾಗಿ ಉಜ್ಜಿದರೆ ಕಾವೇರಿ ಮೇಲ್ಮೈ ಜಿಗುಟಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಬಾಲ್ಟಿಕ್ ತುಂಡುಗಳಲ್ಲಿ ಕೀಟದ ಮೈಗೆ ಹಾಲಿನ ಕೆನೆಯಂಥ ಬಿಳಿ ಪೊರೆ ಅಂಟಿರುವುದುಂಟು. ಕೀಟ ಕೊಳೆಯುವಾಗ ಹೊಮ್ಮಿದ ದ್ರವ, ಅನಿಲಗಳ ಸೂಕ್ಷ್ಮ ಗುಳ್ಳೆಗಳವು. ಅದನ್ನು ಉಜ್ಜಿ ತೆಗೆಯಹೊರಟರೆ ಪೊರೆಯೊಂದಿಗೆ ನೊಣವೂ ಹೋಗುತ್ತದೆ. ಎಷ್ಟೋ ಸಲ ಪೊರೆ ಒಂದೇ ಬದಿಗಿರುತ್ತದೆ. ಮೊದಲು ತುಂಡನ್ನು ತಿರುಗಿಸಿ ನೋಡುವುದು ಜಾಣತನ.

ಚೆನ್ನಾಗಿ ಉಜ್ಜದೆ ಒಳ್ಳೆಯ ಫೋಟೊ ಹೇಗೆ ಸಾಧ್ಯ ಎಂದು ಕೇಳಬಹುದು. ಅಂಬರ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.54. ಗ್ಲಿಸರಿನ್ನಿನದು 1.47, ಗಾಳಿಯದು 1. ಉಬ್ಬುತಗ್ಗಿನ ಮೇಲ್ಮೈಗೆ ಒಂದು ಹನಿ ಗ್ಲಿಸರಿನ್ ಬಿಟ್ಟು ಮೇಲೆ ತೆಳುಗಾಜು ಮುಚ್ಚಿದರೆ ಬೆಳಕು ಅಡ್ಡಾದಿಡ್ಡಿ ಬಾಗುವುದು ಬಹುಪಾಲು ನಿಲ್ಲುತ್ತದೆ, ಸಣ್ಣ ಗೀರುಗಳು ಮಾಯವಾಗುತ್ತವೆ. ಉಜ್ಜುವ ಅರ್ಧ ಕೆಲಸವನ್ನು ಒಂದು ಹನಿ ಉಳಿಸಿಕೊಡುತ್ತದೆ. ಬೇರೆ ಬೇರೆ ಆಳದಲ್ಲಿ ಫೋಕಸ್ ಮಾಡಿದ ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆಸೆದ ಫೋಟೊ ನಿಜವಾದ ಸಾಕ್ಷಿಯೇ ಎಂಬ ಇನ್ನೊಂದು ಆಕ್ಷೇಪದಲ್ಲಿ ತಿರುಳಿದೆ: ರೋಮಗಳು ಒಂದರ ಮೇಲೊಂದು ಹಾಯುವಲ್ಲಿ ಬೆಸುಗೆ ತಪ್ಪುತ್ತದೆ, ಇಲ್ಲದ ಅಂಚು ಮೂಡುತ್ತದೆ. ಹಾಗೆಂದು ಬೆಸೆಯುವುದನ್ನೇ ಬಿಡಬೇಕಿಲ್ಲ. ಮೂಲ ಚಿತ್ರಗಳನ್ನೂ, ಅಳತೆಗೆರೆಯನ್ನೂ, ಉಜ್ಜುವ ಮೊದಲಿನ ಇಡೀ ತುಂಡಿನ ಫೋಟೊವನ್ನೂ ಜೊತೆಗಿಟ್ಟರೆ ಓದುಗರೇ ತಾಳೆ ನೋಡಬಹುದು.

ಎಕ್ಸ್‌ರೇ ಸ್ಕ್ಯಾನ್ ಇರುವಾಗ ಉಜ್ಜುವ ಗೊಡವೆಯೇ ಏಕೆ ಎನ್ನುವವರಿದ್ದಾರೆ. ಮಬ್ಬು ಅಂಬರ್‌ಗೆ ಅದು ವರವೇ ಸರಿ. ಆದರೆ ಪ್ರತಿ ತುಂಡನ್ನೂ ಆ ಯಂತ್ರದವರೆಗೆ ಒಯ್ಯಲಾಗದು. ಇನ್ನು ಉಜ್ಜುವುದೇ ಆದರೆ, ಅಂಬರ್‌ಗಳೆಲ್ಲ ಒಂದೇ ಬಗೆಯವಲ್ಲ ಎಂಬುದು ನೆನಪಿರಲಿ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯ ಅಂಬರ್ ಐದು ಕೋಟಿ ವರ್ಷಕ್ಕೂ ಹಳೆಯದು. ನಮ್ಮ ಪಶ್ಚಿಮಘಟ್ಟದ ಧೂಪದ ಮರದ ಕುಟುಂಬಕ್ಕೇ ಸೇರಿದ ಮರಗಳ ರಾಳ. ಅದು ಪೂರ್ತಿ ಗಟ್ಟಿಗೊಂಡಿಲ್ಲವಾದ್ದರಿಂದ ದ್ರಾವಕದಲ್ಲಿ ಕರಗಿಸಿ ಕೀಟವನ್ನೇ ಹೊರತೆಗೆಯಬಹುದೆಂದು 2010ರಲ್ಲಿ ವಿಜ್ಞಾನಿಗಳು ತೋರಿಸಿದರು. ಬಾಲ್ಟಿಕ್ ಅಂಬರ್ ಹಾಗೆ ಕರಗುವುದಿಲ್ಲ. ಅತ್ತ ಗುಜರಾತಿನ ತುಂಡನ್ನು ಶುಚಿಗೊಳಿಸಲೆಂದು ದ್ರಾವಕ ಸವರಿದರೆ ಸಾಕ್ಷಿಯೇ ಕರಗೀತು. ಕೈಯಲ್ಲಿರುವುದು ಯಾವ ಅಂಬರ್, ಅದರೊಳಗಿನ ನೊಣದ ಬಗ್ಗೆ ತಿಳಿಯಬೇಕಾದದ್ದೇನು ಎಂಬುದು ಸ್ಪಷ್ಟವಾಗುವವರೆಗೆ ಮರಳುಕಾಗದ ಒಣಗಿಯೇ ಇರಲಿ. ರಾಸ್ ಕಣ್ಣಿಗೆ ಬಿದ್ದ ಬಿರುಕು ಇದ್ದದ್ದು ನೊಣದಲ್ಲಲ್ಲ, ಅದರ ಸುತ್ತಲಿನ ಅಂಬರ್‌ನಲ್ಲಿ. ನಾವು ಉಜ್ಜಿ ಕಳೆಯುವುದೂ ಅದನ್ನೇ.