ಮುನ್ನೂರು ಪೌಂಡಿನ ಜಗಳ

ಚಾರ್ಲ್ಸ್ ಡಿಕನ್ಸ್‌ನ ‘ಬ್ಲೀಕ್ ಹೌಸ್’ ಎಂದರೆ ಎಲ್ಲರಿಗೂ ನೆನಪಾಗುವುದು ಮೊದಲ ಪುಟದ ಮಂಜು. ತರಗತಿಯಲ್ಲೂ ಅದೇ ಪಾಠ: ಲಂಡನ್ನಿನ ಮಂಜು ಚಾನ್ಸರಿ ನ್ಯಾಯಾಲಯದ ರೂಪಕ. ಈ ಓದು ತಪ್ಪಲ್ಲ, ಸುಲಭವಾದದ್ದು ಅಷ್ಟೆ. 1852–53ರಲ್ಲಿ ತಿಂಗಳ ಕಂತುಗಳಾಗಿ ಬಂದ ಈ ಕಾದಂಬರಿಯ ನಿಜವಾದ ಸಿಟ್ಟು ಇರುವುದು ವಕೀಲರ ಬಿಲ್ಲಿನಲ್ಲಿ.

ಗ್ರಿಡ್ಲಿಯ ಕತೆಯನ್ನೇ ನೋಡಿ. ರೈತನೊಬ್ಬ ಉಯಿಲು ಬರೆದು ಸಾಯುತ್ತಾನೆ. ಹೆಂಡತಿಯ ಕಾಲಾನಂತರ ಜಮೀನು ಗ್ರಿಡ್ಲಿಗೆ, ಅವನ ಸಹೋದರನಿಗೆ ಮುನ್ನೂರು ಪೌಂಡು. ಅದರಲ್ಲಿ ಒಂದಿಷ್ಟು ಊಟ-ವಸತಿಯ ರೂಪದಲ್ಲಿ ಆಗಲೇ ಸಂದಿದೆಯೋ ಇಲ್ಲವೋ, ತಕರಾರು ಇಷ್ಟೇ. ನಮ್ಮ ಹಳ್ಳಿಯ ಜಗಲಿಯ ಮೇಲೆ ಒಂದು ಸಂಜೆಯಲ್ಲಿ ತೀರಬಹುದಾದದ್ದು. ಚಾನ್ಸರಿಗೆ ಹೋದಾಗ ಹದಿನೇಳು ಮಂದಿ ಪ್ರತಿವಾದಿಗಳಾಗುತ್ತಾರೆ. ಗ್ರಿಡ್ಲಿ ತನ್ನ ಅಪ್ಪನ ಮಗನೇ ಹೌದೇ ಎಂದು ವಿಚಾರಿಸಲು ಎರಡು ವರ್ಷ ಬೇಕಾಗುತ್ತದೆ, ಅದನ್ನು ಯಾರೂ ಪ್ರಶ್ನಿಸಿರದಿದ್ದರೂ. ಆಮೇಲೆ ಪ್ರತಿವಾದಿ ಒಬ್ಬ ಬಿಟ್ಟುಹೋಗಿದ್ದಾನೆಂದು ಮತ್ತೆ ಮೊದಲಿಂದ ಶುರು. ಅಷ್ಟರಲ್ಲೇ ಖರ್ಚು ಮುನ್ನೂರರ ಮೂರು ಪಟ್ಟಾಗಿದೆ. ಹಣ ಬೇಡ, ಬಿಟ್ಟರೆ ಸಾಕು ಎಂದು ಸಹೋದರನೂ ಸಿದ್ಧ. ಆದರೂ ಮೊಕದ್ದಮೆ ಬಿಡುವುದಿಲ್ಲ. ಈ ಪ್ರಸಂಗ ನಡೆದ ಘಟನೆಯೊಂದನ್ನು ಆಧರಿಸಿದ್ದೆಂದು ಡಿಕನ್ಸ್ ಮುನ್ನುಡಿಯಲ್ಲಿ ಹೇಳಿದ್ದಾನೆ.

ಜಗಳವಾಡಿದವರು ಸುಸ್ತಾದ ಮೇಲೂ ಶುಲ್ಕ ಏಕೆ ನಿಲ್ಲಲಿಲ್ಲ? ಇಂಥ ವ್ಯಾಜ್ಯಗಳಲ್ಲಿ ಖರ್ಚು ಸಾಮಾನ್ಯವಾಗಿ ಆಸ್ತಿಯಿಂದಲೇ ಹೋಗುತ್ತಿತ್ತು. ಎಲ್ಲ ಪಕ್ಷಗಳ ವಕೀಲರೂ ಒಂದೇ ಹಂಡೆಯಿಂದ ಬಡಿಸಿಕೊಳ್ಳುವಾಗ ಪಂಕ್ತಿಯಿಂದ ಮೊದಲು ಏಳುವವರು ಯಾರು? ಕಾದಂಬರಿಯ ದೊಡ್ಡ ಮೊಕದ್ದಮೆಯಾದ ಜಾರ್ಂಡೈಸ್ ವ್ಯಾಜ್ಯ ಮುಗಿಯುವುದೂ ಹೀಗೆಯೇ. ಕ್ರೂಕ್‌ನ ಗುಜರಿ ಅಂಗಡಿಯಲ್ಲಿ ಹೊಸ ಉಯಿಲು ಸಿಗುತ್ತದೆ, ಅದು ರಿಚರ್ಡ್‌ನಿಗೆ ಅನುಕೂಲವಾಗಿದೆ, ಆದರೆ ಹಂಚಲು ಏನೂ ಉಳಿದಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಗೆಲ್ಲಬೇಕಾದವನೇ ಸಾಯುತ್ತಾನೆ.

ರಿಚರ್ಡ್‌ನ ವಕೀಲ ವೋಲ್ಸ್‌ನ ಬಗ್ಗೆ ನನಗೊಂದು ತಕರಾರಿದೆ. ಅವನನ್ನು ಕಪ್ಪು ಕೈಗವಸಿನ, ರಕ್ತ ಹೀರುವ ಪ್ರಾಣಿಯಂತೆ ಚಿತ್ರಿಸಿದಾಗ ಡಿಕನ್ಸ್ ಅಗ್ಗವಾಗುತ್ತಾನೆ. ತಪ್ಪೆಲ್ಲ ಒಬ್ಬನ ಸ್ವಭಾವಕ್ಕೆ ಅಂಟಿಕೊಳ್ಳುತ್ತದೆ. ವೋಲ್ಸ್‌ಗೆ ಮೂವರು ಹೆಣ್ಣುಮಕ್ಕಳು, ಸಾಕಬೇಕಾದ ಮುದಿ ತಂದೆ ಇದ್ದಾರೆ. ಕಾನೂನು ಸುಧಾರಿಸಿದರೆ ಇಂಥ ಮರ್ಯಾದಸ್ಥರ ಗತಿಯೇನು ಎಂದು ದೊಡ್ಡವರು ಕಳವಳಪಡುವಾಗ ಮಾತ್ರ ಬರಹ ನಿಜಕ್ಕೂ ಹೆದರಿಸುತ್ತದೆ.

1857ರಲ್ಲಿ ಇಂಗ್ಲೆಂಡಿನಲ್ಲಿ ಉಯಿಲುಗಳಿಗಾಗಿ ಪ್ರೊಬೇಟ್ ನ್ಯಾಯಾಲಯ ಬಂತು. 1863ರ ಮಿಚೆಲ್ ವಿರುದ್ಧ ಗಾರ್ಡ್ ತೀರ್ಪು ಖರ್ಚಿಗೊಂದು ದಾರಿ ತೋರಿಸಿತು: ಸಾಮಾನ್ಯವಾಗಿ ಸೋತವನು ಕೊಡಬೇಕು, ಅನುಮಾನಕ್ಕೆ ನ್ಯಾಯವಾದ ಕಾರಣವಿದ್ದರೆ ಅವರವರ ಖರ್ಚು ಅವರವರದು, ಉಯಿಲು ಬರೆದವನೇ ಗೊಂದಲಕ್ಕೆ ಕಾರಣನಾಗಿದ್ದರೆ ಆಸ್ತಿಯಿಂದ. ಈ ಕೊನೆಯ ಮಾತನ್ನು ಕಾದಂಬರಿಯ ಪಕ್ಕದಲ್ಲಿಟ್ಟು ನೋಡಿ. ಒಂದಕ್ಕಿಂತ ಹೆಚ್ಚು ಉಯಿಲು ಬಿಟ್ಟುಹೋದ ಹಳೆಯ ಜಾರ್ಂಡೈಸ್‌ನ ಆಸ್ತಿ ಈ ನಿಯಮದಿಂದಲೂ ಪೂರ್ತಿ ಪಾರಾಗುತ್ತಿರಲಿಲ್ಲವೇನೋ. ಗ್ರಿಡ್ಲಿಯ ಅಪ್ಪನ ಉಯಿಲಿನಲ್ಲಾದರೋ ಅಂಥ ಗೊಂದಲವೇ ಇರಲಿಲ್ಲ. ಹಾಗಾಗಿ ಜಾರ್ಂಡೈಸ್‌ಗಿಂತ ಈ ಚಿಕ್ಕ ಪ್ರಸಂಗವೇ ಹೆಚ್ಚು ಕಟುವಾದ ಆರೋಪಪಟ್ಟಿ. ಹಣ ಬಿಟ್ಟುಕೊಡಲು ಒಪ್ಪಿದ ಆ ಸಹೋದರ ಮಾತ್ರ ಕಾದಂಬರಿಯಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಡಿಕನ್ಸ್ ಅವನಿಗೆ ಒಂದು ಹೆಸರನ್ನೂ ಇಟ್ಟಿಲ್ಲ.