ಗೊಂಬೆಗೆ ಬೇಕಾದ ಬೆಳಕು

ಸ್ಟಾರ್ ಟ್ರೆಕ್‌ನ ಮೊದಲ ಸರಣಿಯಲ್ಲಿ ಕ್ಯಾಪ್ಟನ್ ಕರ್ಕ್ ತೊಡುತ್ತಿದ್ದ ಅಂಗಿ ಯಾವ ಬಣ್ಣದ್ದು ಎಂದು ಅಭಿಮಾನಿಗಳನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಹೊನ್ನಿನ ಬಣ್ಣ ಎಂದು. ವಸ್ತ್ರವಿನ್ಯಾಸಕ ವಿಲಿಯಂ ವೇರ್ ಥೀಸ್ ಹೊಲಿಸಿಕೊಟ್ಟದ್ದು ಮಾತ್ರ ಹಸಿರು ಅಂಗಿ. ಬೆಣ್ಣೆಹಣ್ಣಿನ ತಿರುಳಿನಲ್ಲಿ ಸಿಪ್ಪೆಯ ಹತ್ತಿರ ಕಾಣುತ್ತದಲ್ಲ, ಹಳದಿ ಬೆರೆತ ಆ ಹಸಿರು. ಮಖಮಲ್ಲಿನ ಜಾತಿಯ ವೆಲೂರ್ ಬಟ್ಟೆಯ ಮೇಲೆ ಸ್ಟುಡಿಯೋದ ಪ್ರಖರ ದೀಪ ಬಿದ್ದು, ಅದು ಅಂದಿನ ಫಿಲ್ಮಿಗೆ ಇಳಿದು, ಲ್ಯಾಬ್ ದಾಟಿ, ಮನೆಮನೆಯ ಟಿವಿ ತಲುಪುವಷ್ಟರಲ್ಲಿ ಹಸಿರು ಹೊನ್ನಾಗಿತ್ತು. ಅದೇ ಕ್ಯಾಪ್ಟನ್ನಿನ ಸಮಾರಂಭದ ಉಡುಪು ಮತ್ತು ಅಡ್ಡ ಸುತ್ತಿ ಕಟ್ಟುವ ಇನ್ನೊಂದು ಅಂಗಿಯ ಬಟ್ಟೆ ಬೇರೆಯದಾದ್ದರಿಂದ ಅವು ತೆರೆಯ ಮೇಲೂ ಹಸಿರಾಗಿಯೇ ಉಳಿದವು. 1966ರಿಂದ 1969ರವರೆಗೆ ಅಮೆರಿಕದಲ್ಲಿ 79 ಕಂತುಗಳಾಗಿ ಪ್ರಸಾರವಾದ ಈ ಸರಣಿಯನ್ನು 1980ರ ದಶಕದಲ್ಲಿ ನಮ್ಮ ದೂರದರ್ಶನವೂ ತೋರಿಸಿತು. ಆಗ ನಮ್ಮ ಎಷ್ಟೋ ಮನೆಗಳಲ್ಲಿದ್ದದ್ದು ಕಪ್ಪು-ಬಿಳುಪು ಪೆಟ್ಟಿಗೆ. ಅದರಲ್ಲಿ ಆ ಅಂಗಿ ಬರೀ ಬೂದು. ಈಗ ಒಬ್ಬ ಹವ್ಯಾಸಿ ಮನೆಯ ಮೇಜಿನ ಮೇಲೆ ಐದಾರು ಇಂಚಿನ ಕರ್ಕ್ ಗೊಂಬೆಯನ್ನು ಇಟ್ಟುಕೊಂಡು, ಕಾರ್ಖಾನೆಯ ಬಣ್ಣ ಸರಿಯಿಲ್ಲವೆಂದು ಕುಂಚ ಹಿಡಿದ ಎನ್ನೋಣ. ಅವನು ಯಾವ ಬಣ್ಣ ಹಚ್ಚಬೇಕು?

ತೆರೆಯ ಮೇಲೆ ಕಂಡದ್ದನ್ನು ಹಚ್ಚಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟಕ್ಕೇ ನಿಲ್ಲದೆ, ಆ ಬಟ್ಟೆಯ ಮೇಲೆ ಬಿದ್ದ ಬೆಳಕನ್ನೂ ಹಚ್ಚಬೇಕು. ಟಿವಿ ಪಾತ್ರವೊಂದು ನಮಗೆ ಸಿಕ್ಕಿರುವುದೇ ಬೆಳಕಿನ ರೂಪದಲ್ಲಿ. ಅಂಗಿಯನ್ನು ಮುಟ್ಟಿ ನೋಡಿದವರು ಸೆಟ್ಟಿನಲ್ಲಿದ್ದ ಕೆಲವರು ಮಾತ್ರ. ಆ ಸರಣಿಯ ಬಹುಪಾಲು ಕಂತುಗಳ ಛಾಯಾಗ್ರಾಹಕ ಜೆರ್ರಿ ಫಿನ್ನರ್‌ಮನ್ ಕಥೆ ನಡೆಯುವ ಬಾಹ್ಯಾಕಾಶ ಹಡಗಿನ ಬೂದು ಗೋಡೆಗಳಿಗೆ ಬಣ್ಣದ ಜೆಲ್ ಹಾಳೆ ಕಟ್ಟಿದ ದೀಪ ಹಾಯಿಸಿ ಅವನ್ನು ನೇರಳೆಯಾಗಿಯೋ ಕೆಂಪಾಗಿಯೋ ತೋರಿಸುತ್ತಿದ್ದರು. ಗೋಡೆಯ 'ನಿಜವಾದ' ಬಣ್ಣ ಬೂದು ಎಂದು ಆ ಕೋಣೆಯನ್ನು ಬೂದಾಗಿ ಮಾಡಿಟ್ಟರೆ ನೋಡಿದವರು ಯಾರೂ ಗುರುತಿಸಲಾರರು. ಮೊದಲ ಪೈಲಟ್ ಕಂತಿನ ಹೊತ್ತಿನ ಒಂದು ಪ್ರಸಂಗವನ್ನು ನಿರ್ಮಾಣ ತಂಡದವರು ಹೇಳಿಕೊಂಡು ಬಂದಿದ್ದಾರೆ. ಓರಿಯನ್ ಗ್ರಹದ ಹೆಣ್ಣಿಗೆಂದು ನಟಿಯ ಮುಖಕ್ಕೆ ಹಸಿರು ಬಳಿದು ಪರೀಕ್ಷಾ ಚಿತ್ರೀಕರಣ ಮಾಡಿದರೆ, ಫಿಲ್ಮ್ ತೊಳೆದು ಬರುವಾಗ ಮುಖ ಮಾಮೂಲಿ ಬಣ್ಣದಲ್ಲಿರುತ್ತಿತ್ತಂತೆ. ಇನ್ನಷ್ಟು ಗಾಢ ಹಸಿರು ಬಳಿದರೂ ಅದೇ ಕಥೆ. ಎಲ್ಲೋ ತಪ್ಪಾಗಿದೆಯೆಂದು ಲ್ಯಾಬಿನವರು ಆ ಹಸಿರನ್ನು ತಿದ್ದುತ್ತಿದ್ದರು. ಬಟ್ಟೆ, ಬಣ್ಣ, ದೀಪ, ಫಿಲ್ಮ್, ಲ್ಯಾಬ್ ಎಲ್ಲವೂ ಸೇರಿ ಪಾತ್ರದ ಬಣ್ಣವನ್ನು ತೀರ್ಮಾನಿಸುತ್ತವೆ. ಅದರಲ್ಲಿ ಬಟ್ಟೆಯೊಂದಕ್ಕೇ ಪಟ್ಟ ಕಟ್ಟಲು ಕಾರಣ ಕಾಣುವುದಿಲ್ಲ.

ಇದು ಹಳೆಯ ಫಿಲ್ಮಿನ ಕಾಲದ ಕಥೆ ಎನ್ನುವವರು 2019ರಲ್ಲಿ ಶುರುವಾದ 'ದಿ ಮ್ಯಾಂಡಲೋರಿಯನ್' ಸರಣಿಯನ್ನು ನೋಡಬೇಕು. ನಾಯಕನ ಮೈಮೇಲಿರುವುದು ಕನ್ನಡಿಯಂತೆ ಹೊಳೆಯುವ ಲೋಹದ ಕವಚ. ಹಸಿರು ಪರದೆಯ ಮುಂದೆ ಚಿತ್ರೀಕರಿಸಿದರೆ ಕವಚದ ತುಂಬ ಹಸಿರೇ ಬಿಂಬಿಸುತ್ತದೆ. ಸುಮಾರು 20 ಅಡಿ ಎತ್ತರದ, ಮುಕ್ಕಾಲು ವೃತ್ತದಷ್ಟು ಬಾಗಿದ, ಹಿನ್ನೆಲೆಯ ದೃಶ್ಯ ಮೂಡಿಸುವ ಎಲ್‌ಇಡಿ ಗೋಡೆಯನ್ನು ಅವರು ನಿಲ್ಲಿಸಿಕೊಂಡದ್ದರ ಹಿಂದಿನ ಒಂದು ಮುಖ್ಯ ಕಾರಣವೇ ಇದು. ಗೋಡೆಯ ಮೇಲಿನ ಮರುಭೂಮಿ ಕವಚದಲ್ಲಿ ಮರುಭೂಮಿಯಾಗಿ ಮೂಡಬೇಕಿತ್ತು. ಹಾಗಾಗಿ ತೆರೆಯ ಮೇಲೆ ಆ ಕವಚಕ್ಕೆ ತನ್ನದೆಂಬ ಬಣ್ಣವೇ ಇಲ್ಲ. ಮೇಲ್ಮುಖದ ಭಾಗಗಳಲ್ಲಿ ಆಕಾಶದ ತಣ್ಣನೆಯ ನೀಲಿ-ಬೂದು, ಕೆಳಮುಖದಲ್ಲಿ ಮರಳಿನ ಕಂದು, ನಡುವೆ ದಿಗಂತದ ಕಪ್ಪು ಗೆರೆ. ಗೊಂಬೆಗೆ ಬರೀ ಬೆಳ್ಳಿ ಬಣ್ಣ ಬಳಿದವನ ಕೈಯಲ್ಲಿ ಉಳಿಯುವುದು ಅಲ್ಯೂಮಿನಿಯಂ ಪಾತ್ರೆಯ ಹೊಳಪು. ಬೆಳ್ಳಿಯ ಮೇಲೆ ತೆಳುವಾಗಿ ನೀಲಿ ಮತ್ತು ಕಂದು ಛಾಯೆ ಇಳಿಸಿದವನಿಗೆ ಆ ಪಾತ್ರ ಸಿಗುತ್ತದೆ. ಬೆಳಕಿಗೆಂದೇ ಬಣ್ಣ ಹಚ್ಚುವ ಈ ಲೆಕ್ಕಾಚಾರ ಕನ್ನಡಿಗರಿಗೆ ಹೊಸದೇನಲ್ಲ. ದೊಂದಿಯ ಬೆಳಕಿನಲ್ಲಿ ರೂಪುಗೊಂಡ ಯಕ್ಷಗಾನದ ಮುಖವರ್ಣಿಕೆಯನ್ನು ಹಗಲಲ್ಲಿ ಹತ್ತಿರದಿಂದ ನೋಡಿದರೆ ಅತಿಯೆನಿಸಬಹುದು; ರಾತ್ರಿ ರಂಗಸ್ಥಳದಲ್ಲಿ ಅದೇ ಕಪ್ಪು, ಅದೇ ಕೆಂಪು ಮುಖವನ್ನು ಪ್ರೇಕ್ಷಕನ ಕಣ್ಣಿಗೆ ಮುಟ್ಟಿಸುತ್ತವೆ.

ಹಾಗಾದರೆ ಗೊಂಬೆಗೆ ನೆರಳನ್ನು ಬಳಿಯುವುದೇಕೆ, ಕೋಣೆಯ ದೀಪವೇ ನೆರಳು ಕೊಡುವುದಿಲ್ಲವೇ? ಇದಕ್ಕೆ ಹವ್ಯಾಸಿಗಳು ಸಾಮಾನ್ಯವಾಗಿ ಕೊಡುವ ಉತ್ತರ, ಗೊಂಬೆ ಚಿಕ್ಕದು, ಬೆಳಕು ಮಾತ್ರ ಚಿಕ್ಕದಾಗುವುದಿಲ್ಲ, ಆದ್ದರಿಂದ ನೆರಳು ಸರಿಯಾಗಿ ಬೀಳುವುದಿಲ್ಲ ಎಂದು. ಈ ವಿವರಣೆ ನಿಲ್ಲುವುದಿಲ್ಲ. ಒಂದೇ ದೀಪದ ಕೆಳಗೆ ಒಂದೇ ಜಾಗದಲ್ಲಿ ನಿಂತ ಮನುಷ್ಯನಿಗೂ ಗೊಂಬೆಗೂ ನೆರಳಿನ ರೇಖಾಗಣಿತ ಒಂದೇ. ತೊಂದರೆ ಇರುವುದು ವಸ್ತುವಿನಲ್ಲಿ. ಪಿವಿಸಿ ಪ್ಲಾಸ್ಟಿಕ್ಕಿನ ಒಳಕ್ಕೆ ಬೆಳಕು ಸ್ವಲ್ಪ ದೂರ ನುಗ್ಗಿ, ಚೆದುರಿ, ಪಕ್ಕದಲ್ಲಿ ಹೊರಬರುತ್ತದೆ. ಮನುಷ್ಯನ ಗಾತ್ರದಲ್ಲಿ ಒಂದು ಮಿಲಿಮೀಟರ್ ಏನೂ ಅಲ್ಲ. ಗೊಂಬೆಯ ಮೂಗಿನ ಬದಿಯ ಕುಳಿಯೇ ಒಂದು ಮಿಲಿಮೀಟರ್ ಇರುವಾಗ, ಅಲ್ಲಿ ಬೀಳಬೇಕಾದ ನೆರಳು ಒಳಗಿನಿಂದಲೇ ತೊಳೆದುಹೋಗುತ್ತದೆ. ಮುಖ ಮೇಣದಂತೆ ಕಾಣುವುದು ಇದರಿಂದ. ಅಚ್ಚಿನಿಂದ ಸಲೀಸಾಗಿ ಹೊರಬರಬೇಕಾದ್ದರಿಂದ ಬಟ್ಟೆಯ ನೆರಿಗೆಗಳನ್ನು ಆಳವಾಗಿ ಕೊರೆಯುವಂತಿಲ್ಲ, ಅಂಚುಗಳೂ ದುಂಡಗಾಗಿರುತ್ತವೆ. ಬಟ್ಟೆಯ ನೂಲು, ಚರ್ಮದ ರಂಧ್ರ, ಕೂದಲಿನ ಎಳೆ ಒಂದೂ ಅಲ್ಲಿಲ್ಲ. ಕಳೆದುಹೋದದ್ದನ್ನು ತುಂಬಿಕೊಡುವ ಕೆಲಸ ಕುಂಚದ್ದು.

ಕಾರ್ಖಾನೆ ಇದನ್ನು ಮಾಡಲಾರದು, ಮಾಡುವಷ್ಟು ಸಮಯವೂ ಅದಕ್ಕಿಲ್ಲ. ಲೋಹದ ಮುಸುಕು ಇಟ್ಟು ಒಂದು ಬಣ್ಣ ಸ್ಪ್ರೇ ಮಾಡುವುದು, ಮೆತ್ತನೆಯ ಸಿಲಿಕೋನ್ ಪ್ಯಾಡಿನಿಂದ ಕಣ್ಣು-ಹುಬ್ಬು ಒತ್ತುವುದು, ಇಷ್ಟರಲ್ಲಿ ಮುಗಿಯಬೇಕು. 1974ರಲ್ಲಿ ಮೀಗೋ ಕಂಪನಿ ಎಂಟಿಂಚಿನ ಸ್ಟಾರ್ ಟ್ರೆಕ್ ಗೊಂಬೆಗಳಿಗೆ ಬಟ್ಟೆಯ ಉಡುಪನ್ನೇ ತೊಡಿಸಿ ಈ ಸಮಸ್ಯೆಯನ್ನು ಬದಿಗೆ ಸರಿಸಿತು. ಕಾರ್ಖಾನೆಯ ಬಣ್ಣವೇ ಅಧಿಕೃತ, ಅದನ್ನು ಮುಟ್ಟುವುದು ಅಪಚಾರ ಎನ್ನುವವರಿಗೆ ನಾನು ತೋರಿಸುವುದು 1988ರಲ್ಲಿ ಗಲೂಬ್ ಕಂಪನಿ ತಂದ, ಸ್ಟಾರ್ ಟ್ರೆಕ್‌ನ 'ನೆಕ್ಸ್ಟ್ ಜನರೇಷನ್' ಸರಣಿಯ ಡೇಟಾ ಗೊಂಬೆಯನ್ನು. ಡೇಟಾ ಯಂತ್ರಮಾನವ, ತೆರೆಯ ಮೇಲೆ ಅವನ ಮುಖ ಮಾಸಲು ಹೊನ್ನಿನ ಬಿಳಚು. ಗಲೂಬ್‌ನ ಒಂದೇ ಗೊಂಬೆ ನೀಲಿ ಮುಖದಲ್ಲೂ ಚುಕ್ಕೆ ಚುಕ್ಕೆಯ ಮುಖದಲ್ಲೂ ಮಾಮೂಲಿ ಚರ್ಮದ ಬಣ್ಣದಲ್ಲೂ ಅಂಗಡಿಗೆ ಬಂತು. ಆ ಮುಖಕ್ಕೆ ಯಾವ ಬಣ್ಣವೆಂದು ತಯಾರಕರಿಗೇ ಖಚಿತವಿರಲಿಲ್ಲ. ಇದರಲ್ಲಿ ಯಾವುದಕ್ಕೆ ನಿಷ್ಠರಾಗಿರಬೇಕು? ಮುಂದೆ 2010ರ ದಶಕದ ಉತ್ತರಾರ್ಧದಲ್ಲಿ ಬಂಡಾಯ್, ಹ್ಯಾಸ್ಬ್ರೊ ಕಂಪನಿಗಳು ಮುಖವನ್ನು ಡಿಜಿಟಲ್ ಮುದ್ರಣದಿಂದ ಮೂಡಿಸತೊಡಗಿದವು. ಭೂತಗನ್ನಡಿ ಹಿಡಿದರೆ ಪತ್ರಿಕೆಯ ಹಳೆಯ ಚಿತ್ರಗಳಲ್ಲಿ ಕಾಣುವಂಥ ಪುಟ್ಟ ಚುಕ್ಕೆಗಳು ಕೆನ್ನೆಯ ಕೆಂಪಿನಲ್ಲಿ, ತುಟಿಯ ಕೆಳಗಿನ ನೆರಳಿನಲ್ಲಿ ಹರಡಿರುತ್ತವೆ. ಇನ್ನು ಮನೆಯಲ್ಲಿ ಕುಂಚ ಹಿಡಿಯುವ ಅಗತ್ಯವೇನು ಎಂದು ಕೆಲವರು ಕೇಳುತ್ತಾರೆ. ಆ ಚುಕ್ಕೆಗಳು ಮಾಡುತ್ತಿರುವುದೂ ಬೆಳಕು-ನೆರಳನ್ನು ಬಳಿಯುವ ಕೆಲಸವನ್ನೇ. ಆದರೆ ಕುತ್ತಿಗೆಯ ಕೆಳಗೆ ಬಂದರೆ ಅಂಗಿ ಇನ್ನೂ ಸಪಾಟು ಪ್ಲಾಸ್ಟಿಕ್. ಬೆಳಕು ಕಂಡ ಮುಖ, ಬೆಳಕು ಕಾಣದ ಮೈ. ಎರಡನ್ನೂ ಒಂದೇ ಜಗತ್ತಿಗೆ ತರುವುದು ಈಗ ಮೊದಲಿಗಿಂತ ಹೆಚ್ಚು ಅಗತ್ಯ.

ಕರ್ಕ್‌ನ ಅಂಗಿಗೆ ಮರಳೋಣ, ಏಕೆಂದರೆ ಈ ಕಲೆಯ ಸೂಕ್ಷ್ಮವೆಲ್ಲ ಅಲ್ಲಿದೆ. ಹತ್ತಿ ಬಟ್ಟೆಯ ನೆರಿಗೆಯಲ್ಲಿ ದೀಪಕ್ಕೆ ಎದುರಾದ ಭಾಗ ಬೆಳಗುತ್ತದೆ, ತಿರುಗಿದ ಭಾಗ ಕಪ್ಪಾಗುತ್ತದೆ. ವೆಲೂರ್ ಹಾಗಲ್ಲ. ಅದರ ಮೈಯಲ್ಲಿ ಎದ್ದು ನಿಂತ ನವಿರು ಎಳೆಗಳಿವೆ. ನೇರ ನೋಡಿದಲ್ಲಿ ಅದು ಆಳವಾಗಿ ಕಂಡು, ಕಣ್ಣಿನಿಂದ ಬಾಗಿ ಹೋಗುವ ಅಂಚಿನಲ್ಲಿ ಬೆಳಗುತ್ತದೆ. ಆದ್ದರಿಂದ ತಿಳಿ ಹೊನ್ನನ್ನು ಭುಜದ ಬಾಗು, ತೋಳಿನ ಹೊರ ಅಂಚು, ನೆರಿಗೆಯ ಇಳಿಜಾರಿನಲ್ಲಿ ತೆಳುವಾಗಿ ಎಳೆಯಬೇಕು. ಎದೆಯ ನಡುಭಾಗ ಒಂದು ಪಾಲು ಮಂಕಾಗಿರಲಿ. ನೆರಳಿಗೆ ಕಪ್ಪು ಬೆರೆಸಿದರೆ ಹಳದಿ ಕೊಳಕಾಗುತ್ತದೆ. ಅದರ ಬದಲು ಆಲಿವ್ ಹಸಿರನ್ನು ಬಹಳ ತೆಳುವಾಗಿ ಎರಡು ಮೂರು ಸಲ ನೆರಿಗೆಯ ಬುಡಕ್ಕೆ ಇಳಿಸಬೇಕು. ಆಗ ಥೀಸ್ ಹೊಲಿಸಿದ ಹಸಿರು ಹೊನ್ನಿನ ಅಡಿಯಲ್ಲಿ ಎಲ್ಲೋ ಸುಳಿಯುತ್ತದೆ. ಅಂಗಿಯ ಎರಡು ಸತ್ಯಗಳೂ ಒಟ್ಟಿಗೆ ಸಿಗುತ್ತವೆ. ಮೂರನೆಯ ವರ್ಷದ ಕಂತುಗಳ ಕರ್ಕ್ ಬೇಕಾದರೆ ಈ ಕ್ರಮ ನಡೆಯದು. ವೆಲೂರ್ ಒಗೆದಾಗ ಕುಗ್ಗುತ್ತಿತ್ತೆಂದು ಆ ವರ್ಷ ನೈಲಾನ್ ಹೆಣಿಗೆಯ ಬಟ್ಟೆಗೆ ಬದಲಾಯಿಸಿದರು. ಅಲ್ಲಿ ನೆರಿಗೆಯ ಬೆನ್ನಿನ ಮೇಲೇ ಬೆಳಕು ಇರಬೇಕು. ಕಣ್ಣಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಬಿಳಿಗುಡ್ಡೆಗೆ ಶುದ್ಧ ಬಿಳಿ ಬೇಡ, ಚರ್ಮದ ಬಣ್ಣ ಒಂದಿಷ್ಟು ಬೆರೆಯಲಿ. ಮೇಲಿನ ರೆಪ್ಪೆಗೆ ಕಪ್ಪಿನ ಬದಲು ಗಾಢ ಕಂದಿನ ಗೆರೆ. ಕರಿಗುಡ್ಡೆಯ ಮೇಲಂಚು ರೆಪ್ಪೆಯಡಿ ಮುಚ್ಚಿರಬೇಕು, ಇಲ್ಲದಿದ್ದರೆ ಪಾತ್ರ ಬೆಚ್ಚಿಬಿದ್ದಂತೆ ದುರುಗುಟ್ಟುತ್ತದೆ. ಮೈಗೆಲ್ಲ ಮ್ಯಾಟ್ ವಾರ್ನಿಷ್, ಕಣ್ಣಿಗೂ ಬೂಟಿಗೂ ಮಾತ್ರ ಹೊಳಪಿನದು.

ನನ್ನ ವಾದಕ್ಕೆ ಇರುವ ಬಲವಾದ ಆಕ್ಷೇಪ ಇದು: ಚಿತ್ರದಲ್ಲಿ ಬಳಿದ ಬೆಳಕು ನಿಲ್ಲುತ್ತದೆ, ಗೊಂಬೆಯ ಮೇಲೆ ಹೇಗೆ ನಿಲ್ಲುತ್ತದೆ? ಕೈ ಎತ್ತಿಸಿದರೆ ಕಂಕುಳಲ್ಲಿ ಬಳಿದ ನೆರಳು ಬಯಲಿಗೆ ಬಂದು ಬೆವರಿನ ಕಲೆಯಂತೆ ಕಾಣುತ್ತದೆ. ಕಿಟಕಿ ಎಡಕ್ಕಿದ್ದು ನೆರಳೂ ಎಡಕ್ಕೇ ಬಳಿದಿದ್ದರೆ ಸುಳ್ಳು ಹೊರಬೀಳುತ್ತದೆ. ಈ ಆಕ್ಷೇಪದ ಅರ್ಧವನ್ನು ನಾನು ಒಪ್ಪುತ್ತೇನೆ, ಅದರಿಂದಲೇ ಕೆಲಸದ ಗಡಿಯೂ ಗೊತ್ತಾಗುತ್ತದೆ. ಒಂದು ಅಂಗ ಇನ್ನೊಂದರ ಮೇಲೆ ಚೆಲ್ಲುವ ನೆರಳನ್ನು ಬಳಿಯಬಾರದು. ಕೈಕಾಲು ಆಡುವ ಗೊಂಬೆಯಲ್ಲಿ ಅದು ತಪ್ಪಾಗಿಯೇ ತೀರುತ್ತದೆ. ನೆರಿಗೆಯ ಬುಡ, ಕಾಲರಿನ ಅಡಿ, ಮೂಗಿನ ಬದಿ ಇಂಥ ತಮ್ಮದೇ ಆಕಾರದಿಂದ ಬೆಳಕು ಕಡಿಮೆಯಾಗುವ ಜಾಗಗಳು ಎಲ್ಲಿ ತಿರುಗಿಸಿಟ್ಟರೂ ಮಂಕಾಗಿಯೇ ಇರುತ್ತವೆ, ಅಲ್ಲಿ ಬಳಿಯಬಹುದು. ಬೆಳಕಿನ ದಿಕ್ಕು ಮೇಲಿನಿಂದ ಎಂದು ಇಟ್ಟುಕೊಂಡರೆ ಸಾಕು. ಸ್ಟುಡಿಯೋದ ದೀಪ, ಸೂರ್ಯ, ನಮ್ಮ ಮನೆಯ ಟ್ಯೂಬ್‌ಲೈಟ್ ಎಲ್ಲವೂ ಹೆಚ್ಚುಕಡಿಮೆ ಮೇಲಿನಿಂದಲೇ ಬರುತ್ತವೆ. ಫಿನ್ನರ್‌ಮನ್‌ನ ನೇರಳೆ ಬೆಳಕನ್ನು ಕೆನ್ನೆಗೆ ಬಳಿಯುವ ಆಸೆ ಇದ್ದವರು ಆ ಗೊಂಬೆಯನ್ನು ಒಂದೇ ಭಂಗಿಯಲ್ಲಿ, ಒಂದು ಪುಟ್ಟ ಸೆಟ್ಟಿನೊಳಗೆ ಶಾಶ್ವತವಾಗಿ ನಿಲ್ಲಿಸಲು ಸಿದ್ಧರಿರಬೇಕು.

ಯಾವ ತೆರೆಯನ್ನು ನಂಬುವುದು ಎಂಬುದು ಇನ್ನೊಂದು ಪ್ರಶ್ನೆ. ಹಳೆಯ ಪ್ರಸಾರ ಒಂದು ಬಣ್ಣ, 2006ರಿಂದ ಬಂದ ಪರಿಷ್ಕೃತ ಆವೃತ್ತಿ ಇನ್ನೊಂದು, ಫೋನಿನ ಪರದೆ ಮಗದೊಂದು. ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆವೃತ್ತಿ ಬದಲಾದಾಗ ಒಂದೊಂದು ಬಣ್ಣ ಜಾರಿದರೂ ಬಣ್ಣಬಣ್ಣಗಳ ನಡುವಿನ ಸಂಬಂಧ ಬಹುಮಟ್ಟಿಗೆ ಉಳಿಯುತ್ತದೆ. ಕರ್ಕ್‌ನ ಹೊನ್ನು, ಅವನ ಸಹಚರರಾದ ಸ್ಪಾಕ್‌ನ ನೀಲಿ, ಸ್ಕಾಟಿಯ ಕೆಂಪು ಅಕ್ಕಪಕ್ಕ ನಿಂತಾಗ ಯಾವುದು ಎಷ್ಟು ಗಾಢ ಎಂಬುದನ್ನು ಒಂದೇ ಆವೃತ್ತಿಯಿಂದ ಗುರುತಿಸಿಕೊಂಡು ಮೂವರಿಗೂ ಒಟ್ಟಿಗೆ ಬಣ್ಣ ಹಚ್ಚಬೇಕು.

ಪ್ಲಾಸ್ಟಿಕ್ ವಿಚಾರದಲ್ಲಿ ಮಾತ್ರ ಅಭಿರುಚಿಗೆ ಜಾಗವಿಲ್ಲ. ಮೆತ್ತನೆಯ ಪಿವಿಸಿಯಲ್ಲಿ ಅದನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ದ್ರವ ನಿಧಾನವಾಗಿ ಮೇಲಕ್ಕೆ ಬರುತ್ತಿರುತ್ತದೆ. ಎನಾಮಲ್ ಬಣ್ಣ ಅದರೊಂದಿಗೆ ಸೇರಿ ಎಷ್ಟು ದಿನವಾದರೂ ಒಣಗದೆ ಅಂಟಂಟಾಗಿ ಉಳಿಯಬಹುದು. ನೀರಿನಲ್ಲಿ ಕದಡುವ ಅಕ್ರಿಲಿಕ್ಕೇ ಸರಿ. ಅಚ್ಚಿನ ಜಿಡ್ಡು ಹೋಗುವಂತೆ ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಬೇಕು. ಅಸಿಟೋನ್ ಹತ್ತಿರ ಸುಳಿಯಬಾರದು, ಅದು ಎಬಿಎಸ್ ಪ್ಲಾಸ್ಟಿಕ್ಕಿನ ಭಾಗಗಳನ್ನು ಕರಗಿಸಿಬಿಡುತ್ತದೆ. ತಲೆ ಕಳಚಬೇಕಾದರೆ ಬಿಸಿನೀರಿನಲ್ಲಿ ಮುಳುಗಿಸಿ ಕೀಲು ಮೆದುವಾದ ಮೇಲೆ ಎಳೆಯಬೇಕು.

ಕೊನೆಯದಾಗಿ ಸಂಗ್ರಾಹಕರ ಆಕ್ಷೇಪ: ಬಣ್ಣ ಮುಟ್ಟಿದರೆ ಬೆಲೆ ಹೋಯಿತು. ಅಪರೂಪದ ಗೊಂಬೆಯ ಮಟ್ಟಿಗೆ ಇದು ನಿಜ, ಅಂಥದ್ದನ್ನು ಮುಟ್ಟಲೂಬಾರದು. ಪ್ಲೇಮೇಟ್ಸ್ ಕಂಪನಿ 1990ರ ದಶಕದಲ್ಲಿ ಸ್ಟಾರ್ ಟ್ರೆಕ್ ಹಡಗಿನ ನೋಂದಣಿ ಸಂಖ್ಯೆಗೆ ಸರಿಯಾಗಿ 1701 ಮಾತ್ರ ಮಾಡಿದ ಗೊಂಬೆಗಳ ಮೇಲೆ ಕುಂಚ ಆಡಿಸುವವನನ್ನು ನಾನು ಸಮರ್ಥಿಸಲಾರೆ. ಆದರೆ ಅದೇ ಕಂಪನಿ 1992ರಿಂದ ರಾಶಿರಾಶಿಯಾಗಿ ತಂದ ಗೊಂಬೆಗಳು ಪೆಟ್ಟಿಗೆ ಕಳೆದುಕೊಂಡು, ಬಣ್ಣ ಕಿತ್ತುಹೋಗಿ, ಸೆಕೆಂಡ್‌ಹ್ಯಾಂಡ್ ಮಾರಾಟದಲ್ಲಿ ಅಗ್ಗವಾಗಿ ಬಿದ್ದಿರುತ್ತವೆ. ಕುಂಚಕ್ಕೆ ಯೋಗ್ಯವಾದವು ಅವು. ಹಚ್ಚಿದ್ದನ್ನು ಆಲ್ಕೊಹಾಲಿನಿಂದ ಒರೆಸಿ ಮತ್ತೆ ಮೊದಲಿನಂತೆ ಮಾಡಬಹುದೆಂಬ ಭರವಸೆಯನ್ನು ನೆಚ್ಚಬಾರದು; ಕಾರ್ಖಾನೆಯ ಬಣ್ಣವೂ ಅದರೊಂದಿಗೆ ಎದ್ದು ಬರಬಹುದು. ಆಕ್ಷೇಪದ ಇನ್ನೊಂದು ಮಗ್ಗುಲು ಇದಕ್ಕಿಂತ ಗಂಭೀರವಾದದ್ದು. ಡೇಟಾನ ನೀಲಿ ಮುಖದ ಗೊಂಬೆಗೆ ಇವತ್ತು ಬೇಡಿಕೆಯಿದೆ, ಮಾಮೂಲಿ ಮುಖದ ಗೊಂಬೆಯನ್ನು ನೀಲಿಯಾಗಿಸುವುದು ಕೈ ಪಳಗಿದವನಿಗೆ ಕಷ್ಟವಲ್ಲ. ಹವ್ಯಾಸಕ್ಕೂ ಮೋಸಕ್ಕೂ ನಡುವೆ ಇರುವ ಗೆರೆ ಅಲ್ಲಿದೆ, ಅದನ್ನು ಎಳೆಯಬೇಕಾದವನು ಬಣ್ಣ ಹಚ್ಚಿದವನೇ. ಅಂಗಾಲಿನಲ್ಲಿ, ಕಂಪನಿಯ ಮುದ್ರೆಯನ್ನು ಮುಚ್ಚದೆ, ಸಣ್ಣ ಮೊನೆಯ ಶಾಶ್ವತ ಶಾಯಿಯಲ್ಲಿ ಹೆಸರು ಮತ್ತು ವರ್ಷ ಬರೆದು ಮೇಲೆ ವಾರ್ನಿಷ್ ಎಳೆಯಲಿ. ಮಾರುವ ದಿನ ಬಂದರೆ ಆ ಅಂಗಾಲಿನ ಫೋಟೋವನ್ನು ಮುಖದ ಫೋಟೋದ ಪಕ್ಕದಲ್ಲೇ ಹಾಕಲಿ.