ಚೀನಾದ ವ್ಯಾಪಾರವನ್ನು ಕುರಿತ ಗ್ರಂಥಗಳಲ್ಲಿ ‘ಸಂಸ್ಕೃತಿ’ ಎಂಬ ವಿವರಣೆ: ಒಂದು ವಿಮರ್ಶೆ

ಅನ್ಯದೇಶದ ಕಂಪೆನಿಯೊಂದು ಚೀನಾದೇಶದಲ್ಲಿ ವ್ಯಾಪಾರಕ್ಕೆ ತೊಡಗುವ ಮುನ್ನ ಅಲ್ಲಿಯ ಸಂಸ್ಕೃತಿಯನ್ನು ಅರಿತಿರಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೀಗೆ ಅರಿಯುವುದೆಂದರೇನು, ಅರಿತವನಿಗೆ ಅದರಿಂದ ಒದಗುವ ಪ್ರಯೋಜನವೇನು ಎಂದು ಕೇಳಿದೊಡನೆ ವಿಷಯ ಜಟಿಲವಾಗುತ್ತದೆ. ಇದನ್ನು ಕುರಿತು ಇಂಗ್ಲಿಷಿನಲ್ಲಿ ದೊಡ್ಡದೊಂದು ಗ್ರಂಥರಾಶಿಯೇ ಬೆಳೆದಿದೆ. ಅದರಲ್ಲಿ ‘ಸಂಸ್ಕೃತಿ’ ಎಂಬ ಶಬ್ದವು ವಿವರಣೆಯಾಗಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಬರಿಯ ನೆಪವಾಗಿ ನಿಲ್ಲುತ್ತದೆ ಎಂಬುದನ್ನು ಮೂರು ಪ್ರಸಿದ್ಧ ಗ್ರಂಥಗಳ ಮೂಲಕ ಪರಿಶೀಲಿಸುವುದು ನಮ್ಮ ಉದ್ದೇಶ.

ವರ್ತಕರಿಗಾಗಿ ಬರೆದ ಕೈಪಿಡಿಗಳನ್ನು ಮೊದಲು ನೋಡೋಣ. ಹೆಸರಿನ ಚೀಟಿಯನ್ನು ಎರಡು ಕೈಗಳಿಂದ ನೀಡಬೇಕು, ಔತಣದಲ್ಲಿ ಹಿರಿಯ ಅತಿಥಿಯ ಸ್ಥಾನವನ್ನು ತಿಳಿದು ಕುಳಿತುಕೊಳ್ಳಬೇಕು, ನಾಲ್ವರ ಎದುರಿನಲ್ಲಿ ಯಾರನ್ನೂ ಆಕ್ಷೇಪಿಸಬಾರದು ಎಂಬ ಸೂಚನೆಗಳು ಇವುಗಳಲ್ಲಿ ಹೇರಳವಾಗಿವೆ. ಇವು ಸರಿಯಾದ ಸೂಚನೆಗಳೇ. ಆದರೆ ಇವುಗಳ ಹಿಂದೆ ‘ಗುವಾನ್‌ಶಿ’, ‘ಮಿಯಾನ್‌ಝಿ’ ಎಂಬ ಎರಡು ಶಬ್ದಗಳನ್ನು ಮಂತ್ರಾಕ್ಷರಗಳಂತೆ ನಿಲ್ಲಿಸಿ, ಇವನ್ನು ಸಾಧಿಸಿದವನಿಗೆ ಸಕಲವೂ ಸಿದ್ಧಿಸುವುದೆಂದು ಹೇಳುವ ಪರಿಪಾಟಿ ಬೆಳೆದಿದೆ. ಮೊದಲನೆಯದು ವ್ಯಕ್ತಿಗಳ ನಡುವಣ ಸಂಬಂಧವನ್ನೂ ಅದರಿಂದ ಹುಟ್ಟುವ ಋಣವನ್ನೂ ಸೂಚಿಸುತ್ತದೆ. ಎರಡನೆಯದು ಜನರ ಮುಂದೆ ಉಳಿಸಿಕೊಳ್ಳಬೇಕಾದ ಮಾನವನ್ನು. ‘ದಾಕ್ಷಿಣ್ಯ’, ‘ವಶೀಲಿ’ ಎಂಬ ಮಾತುಗಳನ್ನು ಬಲ್ಲ, ‘ಯಾವ ಮುಖ ಹೊತ್ತುಕೊಂಡು ಹೋಗಲಿ’ ಎಂದು ಆಡುವ ಕನ್ನಡ ವಾಚಕನಿಗೆ ಇವುಗಳಲ್ಲಿ ಅಷ್ಟೊಂದು ನಿಗೂಢವಾದುದೇನೂ ಕಾಣಲಾರದು.

ನಾವು ಪರಿಶೀಲಿಸುವ ಮೊದಲನೆಯ ಗ್ರಂಥ ಕಾರ್ಲ್ ಕ್ರೋ ಎಂಬ ಅಮೆರಿಕನ್ನನು 1937ರಲ್ಲಿ ಪ್ರಕಟಿಸಿದ ‘ಫೋರ್ ಹಂಡ್ರೆಡ್ ಮಿಲಿಯನ್ ಕಸ್ಟಮರ್ಸ್’. 1911ರಲ್ಲಿ ಪತ್ರಿಕಾ ವೃತ್ತಿಗಾಗಿ ಶಾಂಘೈಗೆ ಬಂದ ಈತ ಮುಂದೆ ಅಲ್ಲಿಯೇ ಜಾಹೀರಾತಿನ ಸಂಸ್ಥೆಯೊಂದನ್ನು ನಡೆಸಿದನು. ನಲವತ್ತು ಕೋಟಿ ಜನರಿಗೆ ತಲೆಗೊಂದರಂತೆ ಸರಕು ಮಾರಿದರೂ ಸಾಕೆಂದು ಲೆಕ್ಕ ಹಾಕುವ ಪರದೇಶದ ವರ್ತಕರ ಭ್ರಮೆಯನ್ನು ಈತ ಸವಿಯಾದ ಹಾಸ್ಯದಿಂದ ಬಯಲಿಗೆಳೆಯುತ್ತಾನೆ. ಚೀನಾದ ಗಿರಾಕಿಯು ಸರಕಿನ ಗುರುತನ್ನೂ ಪೊಟ್ಟಣದ ರೂಪವನ್ನೂ ಎಷ್ಟು ಎಚ್ಚರದಿಂದ ನೋಡಿ ಕೊಳ್ಳುತ್ತಾನೆಂಬುದನ್ನು ಈತ ಚೆನ್ನಾಗಿ ಗ್ರಹಿಸಿದ್ದನು. ಗ್ರಂಥದ ಗುಣ ಇಲ್ಲಿದೆ. ಅದರ ಮಿತಿಯೂ ಗಮನಾರ್ಹವಾದುದೇ. 1844ರ ವಾಂಗ್‌ಶಿಯಾ ಒಪ್ಪಂದದಿಂದ ಅಮೆರಿಕನ್ನರಿಗೆ ಚೀನಾದ ನ್ಯಾಯಾಲಯಗಳಿಂದ ವಿನಾಯಿತಿ ದೊರೆತಿತ್ತು. ಅದು ಕೊನೆಗೊಂಡುದು 1943ರಲ್ಲಿ. ಎಂದರೆ, ಆತಿಥೇಯ ದೇಶದ ಕಾನೂನಿಗೆ ಒಳಪಡದೆ ಅಲ್ಲಿ ಲೇವಾದೇವಿ ನಡೆಸಿದವನ ಅನುಭವ ಇದು. ಅಂಥವನಿಗೆ ಸರ್ಕಾರವು ದೂರದ ಸಂಗತಿ, ಜನರ ನಡೆನುಡಿಯೇ ಎದುರಿಗಿರುವ ಸಂಗತಿ. ಚೀನಾವನ್ನು ಬರಿಯ ಸ್ವಭಾವ ಚಿತ್ರಗಳ ಮೂಲಕ ವಿವರಿಸುವ ಪದ್ಧತಿಗೆ ಈ ವಿಶೇಷಾಧಿಕಾರವು ಎಷ್ಟೋ ಮಟ್ಟಿಗೆ ಕಾರಣವೆಂದು ನಮ್ಮ ಭಾವನೆ.

ಕ್ರಾಂತಿಯಾದ ಬಳಿಕ ಈ ಪರಿಸ್ಥಿತಿ ಪೂರ್ಣವಾಗಿ ಬದಲಾಯಿತು. 1979ರ ಕಾನೂನು ಪರದೇಶದ ಬಂಡವಾಳಕ್ಕೆ ಪಾಲುಗಾರಿಕೆಯ ಬಾಗಿಲನ್ನು ತೆರೆಯಿತು. 1983ರಲ್ಲಿ ಅಮೆರಿಕನ್ ಮೋಟರ್ಸ್ ಕಂಪೆನಿಯು ಬೀಜಿಂಗಿನ ವಾಹನ ಕಾರ್ಖಾನೆಯೊಡನೆ ಕರಾರು ಮಾಡಿಕೊಂಡಿತು. ಈ ಪಾಲುಗಾರಿಕೆಯ ಕಥೆಯನ್ನು ಪತ್ರಕರ್ತ ಜೇಮ್ಸ್ ಮ್ಯಾನ್ 1989ರ ‘ಬೀಜಿಂಗ್ ಜೀಪ್’ ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಚೀನೀಯರಿಗೆ ಬೇಕಾಗಿದ್ದುದು ತಮ್ಮ ಸೈನ್ಯಕ್ಕೆ ಒಪ್ಪುವ ಹೊಸ ಜೀಪು. ಕಂಪೆನಿಯ ಒಲವು ತನ್ನ ಚೆರೋಕಿ ವಾಹನದ ಬಿಡಿಭಾಗಗಳನ್ನು ತಂದು ಜೋಡಿಸುವುದರ ಕಡೆಗೆ. 1986ರಲ್ಲಿ ಬಿಡಿಭಾಗಗಳಿಗೆ ತೆರಬೇಕಾದ ಡಾಲರುಗಳು ಚೀನಾದ ಪಾಲುದಾರರಿಗೆ ದೊರೆಯದೆ ಕೆಲಸ ಸ್ಥಗಿತವಾಯಿತು. ಬೀಜಿಂಗಿನ ಉನ್ನತಾಧಿಕಾರಿಗಳು ನಡುವೆ ಬಂದ ಮೇಲೆಯೇ ತೊಡಕು ಬಿಡಿಸಿತು. ಇಲ್ಲಿ ವಿಚಾರಿಸಬೇಕಾದುದು ಇದು: ಈ ವಿರಸವು ಸಂಸ್ಕೃತಿಗಳ ಘರ್ಷಣೆಯೆ? ವಿದೇಶೀ ವಿನಿಮಯವನ್ನು ಸರ್ಕಾರವೇ ಹಂಚುತ್ತಿದ್ದ ವ್ಯವಸ್ಥೆಯಲ್ಲಿ ಯಾವ ಶಿಷ್ಟಾಚಾರವೂ ಡಾಲರನ್ನು ಹುಟ್ಟಿಸಲಾರದು. ಮ್ಯಾನ್ ಅವರು ಚೀನೀಯರ ಮನೋಧರ್ಮಕ್ಕೆ ದೋಷವನ್ನು ಹೊರಿಸಿ ಸುಮ್ಮನಾಗದೆ, ಎರಡೂ ಪಕ್ಷಗಳ ಹಿತಾಸಕ್ತಿಗಳನ್ನೂ ತಮ್ಮ ದೇಶದ ಕಂಪೆನಿಯ ಆತ್ಮವಂಚನೆಯನ್ನೂ ತೂಗಿ ನೋಡುತ್ತಾರೆ. ಈ ನಿಷ್ಪಕ್ಷಪಾತವೇ ಗ್ರಂಥದ ಹಿರಿಮೆ.

ಮೂರನೆಯದು ಟಿಮ್ ಕ್ಲಿಸೋಲ್ಡ್ ಅವರ ‘ಮಿಸ್ಟರ್ ಚೈನಾ’ (2004). ಗ್ರಂಥಕರ್ತರು ಚೀನೀ ಭಾಷೆಯನ್ನು ಶ್ರಮವಹಿಸಿ ಕಲಿತವರು. 1990ರ ದಶಕದಲ್ಲಿ 40 ಕೋಟಿ ಡಾಲರಿಗೂ ಮಿಗಿಲಾದ ಬಂಡವಾಳವನ್ನು ಅಲ್ಲಿಯ ಕಾರ್ಖಾನೆಗಳಲ್ಲಿ ಹೂಡಿದ ಸಾಹಸದಲ್ಲಿ ಅವರು ಪಾಲುಗೊಂಡರು. ಕಾಗದದ ಮೇಲೆ ಬಹುಪಾಲು ಒಡೆತನ ಹೂಡಿಕೆದಾರರದು. ಕಾರ್ಖಾನೆಯ ನೈಜ ಹಿಡಿತ ಸ್ಥಳೀಯ ವ್ಯವಸ್ಥಾಪಕರದು. ಭಾಷೆಯನ್ನೂ ನಡೆನುಡಿಯನ್ನೂ ಬಲ್ಲವರಿಗೂ ಈ ಅಂತರವನ್ನು ದಾಟುವುದು ಸುಲಭವಾಗಲಿಲ್ಲ. ಸಂಸ್ಕೃತಿಯ ತಿಳಿವಳಿಕೆ ಅಗತ್ಯವಾದರೂ ಸಾಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗಾದರೆ ‘ಗುವಾನ್‌ಶಿ’ ಎಂಬುದು ಹುಸಿಯೆ? ಹಾಗೆನ್ನಲಾಗದು. ಚೀನಾದ ಹಿರಿಯ ಸಮಾಜಶಾಸ್ತ್ರಜ್ಞ ಫೇ ಶಿಯಾವೋತೊಂಗ್ ಅವರು 1940ರ ದಶಕದಲ್ಲಿಯೇ ಇದರ ಮೂಲವನ್ನು ವಿವೇಚಿಸಿದ್ದರು. ನೀರಿಗೆ ಕಲ್ಲೆಸೆದಾಗ ಏಳುವ ಅಲೆಯುಂಗುರಗಳಂತೆ, ವ್ಯಕ್ತಿಯ ಹೊಣೆಗಾರಿಕೆಯು ತನ್ನಿಂದ ಹೊರಟು ಬಂಧುಗಳಿಗೆ, ನೆರೆಯವರಿಗೆ ಹಬ್ಬಿ, ದೂರ ಸರಿದಂತೆ ಕ್ಷೀಣಿಸುತ್ತದೆಂಬುದು ಅವರ ಸಿದ್ಧಾಂತ. ಆದರೆ ಅದು ನೆಲಕ್ಕೆ ಅಂಟಿಕೊಂಡ ಗ್ರಾಮಸಮಾಜವನ್ನು ಕುರಿತು, ಅದು ಬದಲಾಗಬೇಕಾದ ಸಂದರ್ಭದಲ್ಲಿ ನುಡಿದ ಮಾತು. ಕೈಪಿಡಿಗಳು ಇದನ್ನು ಸಾರ್ವಕಾಲಿಕ ಲಕ್ಷಣವಾಗಿ ಮಾರ್ಪಡಿಸಿವೆ. ಮೇಫೇರ್ ಯಾಂಗ್ ಅವರ 1994ರ ಗ್ರಂಥವಾದರೋ, ಸರಕುಗಳನ್ನು ಸರ್ಕಾರವೇ ಹಂಚುತ್ತಿದ್ದ ಕಾಲದಲ್ಲಿ ಈ ಕಲೆ ಹೇಗೆ ಪೋಷಣೆ ಪಡೆಯಿತೆಂಬುದನ್ನು ತೋರಿಸುತ್ತದೆ. ಡಗ್ ಗಥ್ರಿ ಅವರು 1998ರ ಪ್ರಬಂಧದಲ್ಲಿ, ಕಾನೂನೂ ಪೈಪೋಟಿಯೂ ಬಲಗೊಂಡಂತೆ ದೊಡ್ಡ ಉದ್ಯಮಗಳಲ್ಲಿ ಇದರ ಮಹತ್ತ್ವ ಕುಗ್ಗುತ್ತಿದೆಯೆಂದು ವಾದಿಸಿದರು. ಯಾಂಗ್ ಅವರು 2002ರಲ್ಲಿ ಅದನ್ನು ಒಪ್ಪದೆ, ಅದು ಹೊಸ ರೂಪಗಳನ್ನು ತಾಳುತ್ತದೆಂದು ಉತ್ತರಿಸಿದರು. ವಾದದ ತೀರ್ಪು ಏನೇ ಇರಲಿ, ಇಬ್ಬರಿಗೂ ಅದು ಕಾಲದಿಂದ ಕಾಲಕ್ಕೆ ಬದಲಾಗುವ ಆಚರಣೆಯೇ ಹೊರತು ರಕ್ತಗತವಾದ ಗುಣವಲ್ಲ.

ಇದು ಕೇವಲ ಪಂಡಿತರ ಜಿಜ್ಞಾಸೆಯಲ್ಲ. ಉಡುಗೊರೆ ಕೊಡುವುದು ಆ ದೇಶದ ಸಂಸ್ಕೃತಿಯೆಂದು ನಂಬಿ ನಡೆಯುವ ಕಂಪೆನಿಯು 1993ರ ಕಾನೂನೇ ವ್ಯಾಪಾರದ ಲಂಚವನ್ನು ನಿಷೇಧಿಸಿತ್ತೆಂಬುದನ್ನು ಮರೆಯುವ ಅಪಾಯವುಂಟು. 2014ರಲ್ಲಿ ಬ್ರಿಟನ್ನಿನ ಔಷಧ ಕಂಪೆನಿಯಾದ ಗ್ಲಾಕ್ಸೋಸ್ಮಿತ್‌ಕ್ಲೈನ್‌ಗೆ ಚಾಂಗ್‌ಶಾ ನಗರದ ನ್ಯಾಯಾಲಯವು ಲಂಚದ ಅಪರಾಧಕ್ಕಾಗಿ 300 ಕೋಟಿ ಯುವಾನ್ ದಂಡ ವಿಧಿಸಿತು. ಸಂಸ್ಕೃತಿಯ ಹೆಸರು ಆ ನ್ಯಾಯಾಲಯದಲ್ಲಿ ರಕ್ಷಣೆಯಾಗುವುದಿಲ್ಲ. ಇನ್ನೊಂದು ಕಡೆ, ಚೀನೀಯರೆಲ್ಲರೂ ವಶೀಲಿಗೆ ಮಣಿಯುವವರೆಂಬ ಗ್ರಹಿಕೆ ಆ ಜನರಿಗೆ ಮಾಡುವ ಅಪಚಾರವೂ ಹೌದು.

ನಮ್ಮವರಿಗೂ ಈ ವಿಷಯ ದೂರದ್ದಲ್ಲ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು 2003ರಲ್ಲಿ ಶಾಂಘೈಯಲ್ಲಿ ಅಂಗಸಂಸ್ಥೆಯನ್ನು ಸ್ಥಾಪಿಸಿತು. ನಮ್ಮ ಕಾಲೇಜುಗಳಲ್ಲಿ ಓದಿದ ತರುಣರು ಅಂಥ ಕೆಲಸಗಳಿಗೆ ಹೋಗುವವರಿದ್ದಾರೆ. ವಾಣಿಜ್ಯದ ವಿದ್ಯಾರ್ಥಿಗಳ ಕೈಗೆ ಇಂಥ ಗ್ರಂಥಗಳನ್ನು ಕೊಡುವಾಗ ಮೂರು ಪ್ರಶ್ನೆಗಳನ್ನೂ ಜೊತೆಗೆ ಕೊಡುವುದು ಉಚಿತ. ಗ್ರಂಥಕರ್ತನು ಯಾವ ಕಾಲದ, ಯಾವ ಕಾನೂನಿನ ಚೀನಾವನ್ನು ಕಂಡನು? ಆತ ಸಂಸ್ಕೃತಿಯೆಂದು ಕರೆಯುವುದರಲ್ಲಿ ಹಣಕಾಸಿನ, ಅಧಿಕಾರದ ಕಾರಣಗಳನ್ನು ಕಳೆದ ಮೇಲೆ ಉಳಿಯುವುದೆಷ್ಟು? ತನ್ನ ಕಂಪೆನಿಯ ನಡತೆಯನ್ನೂ ಅದೇ ಕಣ್ಣಿನಿಂದ ನೋಡಿದ್ದಾನೆಯೆ? ಈ ಪರೀಕ್ಷೆಯಲ್ಲಿ ಕ್ರೋವಿನ ಗ್ರಂಥ ಅರ್ಧದಷ್ಟು ಮಾತ್ರ ತೇರ್ಗಡೆಯಾಗುತ್ತದೆ. ಕೈಪಿಡಿಗಳಲ್ಲಿ ಹೆಚ್ಚಿನವು ನಿಲ್ಲಲಾರವು. ಮ್ಯಾನ್ ಅವರದು ನಿಲ್ಲುತ್ತದೆ. ಸಂಸ್ಕೃತಿಯನ್ನು ಅಭ್ಯಸಿಸಬಾರದೆಂದು ನಾವು ಹೇಳುತ್ತಿಲ್ಲ; ಉಳಿದ ಕಾರಣಗಳನ್ನೆಲ್ಲ ಪರೀಕ್ಷಿಸಿದ ತರುವಾಯವೇ ಅದರ ಹೆಸರೆತ್ತಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.